ಏಳದ ಹುಲ್ಲು

ನದಿ ಸಮುದ್ರಕ್ಕೆ ಸೇರುವ ಕಡೆ, ಸಿಹಿನೀರೂ ಉಪ್ಪುನೀರೂ ಬೆರೆಯುವ ಕಡೆ, ಕಡವಿನಕೋಟೆ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಸೋವರಸ ಎಂಬ ಅರಸ, ಪದುಮಲೆ ಎಂಬ ರಾಣಿ, ಮಾಚಲೆ ಎಂಬ ಅವರ ಒಬ್ಬಳೇ ಮಗಳು ಇದ್ದರು. ಅರಸನಿಗೆ ಒಬ್ಬ ತಮ್ಮನೂ ಇದ್ದ. ಅವನ ಹೆಸರು ಕೇತರಸ.

ಅವತ್ತು ಹುಲ್ಲು ಕೊಯ್ಯುವ ದಿನ. ಅದಕ್ಕಿಂತ ಹೆಚ್ಚಿನದೇನೂ ಆ ದಿನಕ್ಕೆ ಇರಲಿಲ್ಲ. ಪದುಮಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕುಡುಗೋಲು ಮಸೆದುಕೊಂಡು, ಅರಮನೆಯ ಅಂಗಳದಂಚಿನಲ್ಲಿ ಕುಳಿತಿದ್ದಳು. ರಾಣಿಯೇಕೆ ಹುಲ್ಲು ಕೊಯ್ಯುತ್ತಿದ್ದಳು ಎಂದು ಕೇಳುತ್ತೀರಿ. ಹೇಳುತ್ತೇನೆ, ಕೇಳಿ ಮಕ್ಕಳೇ.

ಆ ಸೀಮೆಯ ಹವೆ ಬಹಳ ಬಿಸಿ, ಬಹಳ ತೇವ. ಬೆಳಿಗ್ಗೆ ಒಣಹಾಕಿದ ಸೀರೆ ಸಂಜೆಗೂ ಹಸಿಹಸಿ. ಮೂಲೆಯಲ್ಲಿ ಬಿಟ್ಟ ಚಪ್ಪಲಿಗೆ ಬೂಷ್ಟು, ಬಾವಿಕಟ್ಟೆಗೆ ಪಾಚಿ. ಅಂಥ ಕಡೆ ಹುಲ್ಲಿಗೆ ಹೇಳಬೇಕೇ? ಒಂದು ಎಣ್ಣೆಸ್ನಾನದಿಂದ ಇನ್ನೊಂದು ಎಣ್ಣೆಸ್ನಾನದೊಳಗೆ ಎರಡು ಸಲ ಕೊಯ್ಯದಿದ್ದರೆ ಅಂಗಳ ಕಾಡಾಗುತ್ತಿತ್ತು. ಪ್ರತಿ ಮನೆಯ ಮುಂದೆಯೂ ಗರಿಕೆಯ ಹಾಸು ಇರುತ್ತಿತ್ತು. ಅದನ್ನು ಆ ಮನೆಯ ಒಡತಿಯೇ ನೋಡಿಕೊಳ್ಳಬೇಕು, ಆಳಿನ ಕೈ ತಾಗಬಾರದು. ಗುಡಿಸಲಿನವಳಿಗೂ ಅದೇ, ಅರಮನೆಯವಳಿಗೂ ಅದೇ.

ಪದುಮಲೆಗೆ ಈ ಕೆಲಸ ಕಲಿಸಿದವಳು ಅವಳ ಅತ್ತೆ. ಆ ಅತ್ತೆ ಹೇಳುತ್ತಿದ್ದದ್ದು ಹೀಗೆ. ನೀರನ್ನು ಬೆಳಿಗ್ಗೆ ಹಾಕು. ಸಂಜೆ ಹಾಕಿದರೆ ಹುಲ್ಲು ಒದ್ದೆಯಲ್ಲೇ ರಾತ್ರಿ ಕಳೆದು ರೋಗ ಹತ್ತಿಸಿಕೊಳ್ಳುತ್ತದೆ. ತುದಿಯನ್ನು ಮಾತ್ರ ಕೊಯ್ಯಿ. ಬುಡಕ್ಕೆ ಕುಡುಗೋಲು ಹಾಕಿದರೆ ಬೇರು ಹೆದರಿ ಮೇಲಕ್ಕೆ ಬರುತ್ತದೆ. ಒದ್ದೆ ಹುಲ್ಲನ್ನು ತುಳಿಯಬೇಡ, ಮಣ್ಣು ಗಟ್ಟಿಯಾಗಿ ಉಸಿರು ಕಟ್ಟುತ್ತದೆ.

ಆ ಊರಿನ ಜನ ಹುಲ್ಲನ್ನು ಮನೆಯ ತಲೆಗೂದಲು ಎಂದು ತಿಳಿಯುತ್ತಿದ್ದರು. ಯಾರಾದರೂ ಸತ್ತರೆ ಆ ಮನೆಯವರು ಹುಲ್ಲು ಕೊಯ್ಯುತ್ತಿರಲಿಲ್ಲ. ಹುಲ್ಲು ಮೊಳಕಾಲಿಗೆ ಬರುತ್ತಿತ್ತು, ಬೀದಿಯಲ್ಲಿ ಹೋಗುವವರು ಅದನ್ನು ನೋಡಿ ದನಿ ತಗ್ಗಿಸುತ್ತಿದ್ದರು. ಅಳುವಷ್ಟು ಅತ್ತು ಮುಗಿದ ಮೇಲೆ, ಸತ್ತವರಿಗೆ ತೀರಾ ಹತ್ತಿರದ ಗಂಡಸು ಮೊದಲ ಹಿಡಿ ಹುಲ್ಲನ್ನು ಬೇರು ಸಹಿತ ಕೀಳುತ್ತಿದ್ದ. ಆಮೇಲೆ ಇಡೀ ಅಂಗಳವನ್ನು ಮಣ್ಣು ಕಾಣುವಂತೆ ಬೋಳಿಸುತ್ತಿದ್ದರು. ಮಾರನೆಯ ಬೆಳಿಗ್ಗೆ ಊರಿನ ಪ್ರತಿ ಮನೆಯಿಂದಲೂ ಒಂದೊಂದು ಬುಟ್ಟಿಯಲ್ಲಿ ಬೇರು ಬಿಟ್ಟ ಗರಿಕೆ ಬರುತ್ತಿತ್ತು. ಅದನ್ನು ನೆಟ್ಟು ಅಂಗಳ ಹೊಸದು ಮಾಡುತ್ತಿದ್ದರು. ಹುಲ್ಲು ನೆಟ್ಟ ದಿನವೇ ಮನೆಯ ಅಧಿಕಾರ ಮುಂದಿನವರ ಕೈಗೆ ಹೋಗುತ್ತಿತ್ತು.

ಸರಿ, ಪದುಮಲೆ ಹುಲ್ಲು ಕೊಯ್ಯಲು ಕುಳಿತಿದ್ದಳು ಎಂದೆನಲ್ಲ. ಅಷ್ಟರಲ್ಲಿ ಸೋವರಸ ಜಗಲಿಯಿಂದ ಇಳಿದು, ಅಂಗಳದ ನಡುವೆಯೇ ನೀರಿನ ಕಟ್ಟೆಯ ಕಡೆಗೆ ಹೊರಟ. ಅವನು ಬಲಗಾಲನ್ನು ತುಸು ಎಳೆದು ನಡೆಯುತ್ತಿದ್ದ.

"ಇಬ್ಬನಿ ಇನ್ನೂ ಆರಿಲ್ಲ. ಸುತ್ತಿ ಹೋದರೆ ಕಾಲು ಸವೆಯುತ್ತದೆಯೇ?" ಎಂದಳು ಪದುಮಲೆ.

"ತುಳಿದರೆ ಏಳುತ್ತದೆ ಬಿಡು. ನಿನ್ನ ಹುಲ್ಲಿಗೂ ನಿನ್ನಷ್ಟೇ ಹಟ" ಎಂದ ಅರಸ.

ಕಟ್ಟೆಯಲ್ಲಿ ಕೇತರಸ ದೋಣಿ ಹಿಡಿದು ಕಾಯುತ್ತಿದ್ದ. ಅಣ್ಣತಮ್ಮಂದಿರು ಇಬ್ಬರೇ ಹಿನ್ನೀರಿನ ಆಚೆಯ ಉಪ್ಪಿನ ಗದ್ದೆ ನೋಡಿ ಬರುವುದೆಂದು ಮಾತಾಗಿತ್ತು. ಸೋವರಸ ದೋಣಿ ಹತ್ತುವ ಮೊದಲೇ ಅವನು ತುಳಿದ ಹುಲ್ಲು ಎದ್ದು ನಿಂತಿತ್ತು. ಅವನ ಹೆಜ್ಜೆಯ ಗುರುತು ಎಲ್ಲೂ ಉಳಿಯಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಕೇತರಸ ಒಬ್ಬನೇ ಬಂದ. ಎದೆಯವರೆಗೂ ಒದ್ದೆಯಾಗಿದ್ದ.

"ನಿಮ್ಮಣ್ಣ ಎಲ್ಲಿ?" ಎಂದಳು ಪದುಮಲೆ.

"ಅಣ್ಣ ತೀರ್ಥಯಾತ್ರೆಗೆ ಹೋದ, ಅತ್ತಿಗೆ. ದಾರಿಯಲ್ಲಿ ಸಾಧುಗಳ ದೊಡ್ಡ ದೋಣಿ ಸಿಕ್ಕಿತು. ಏನು ಮನಸ್ಸು ಬಂತೋ, ಹತ್ತಿಯೇ ಬಿಟ್ಟ. ಬರುವವರೆಗೆ ರಾಜ್ಯ ನೋಡಿಕೋ ಎಂದ."

"ಹುಟ್ಟಿದ ಮೇಲೆ ಒಂದು ದಿನ ಉಪವಾಸ ಮಾಡಿದವರಲ್ಲ. ತೀರ್ಥಯಾತ್ರೆಗೆ ಹೋದರೇ?"

"ಮನುಷ್ಯ ಬದಲಾಗುತ್ತಾನೆ."

"ನನಗೆ ಏನೂ ಹೇಳಲಿಲ್ಲವೇ?"

"ನಿಮಗೆ ಹೇಳು ಎಂದ."

"ಏನೆಂದು?"

"ಅದೇ, ಹೋದೆ ಅಂತ."

"ನೀನು ಯಾಕೆ ಒದ್ದೆ?"

"ದೋಣಿ ನೂಕುವಾಗ ಜಾರಿದೆ" ಎಂದು ಕೇತರಸ ಒಳಗೆ ಹೋಗಿ ಬಟ್ಟೆ ಬದಲಿಸಿದ. ಆಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಪದುಮಲೆಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಎಂದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಒಲೆಯ ಮುಂದೆ ನಿಂತಾಗ ಗೊತ್ತಾಯಿತು, ಅಷ್ಟೇ. ಅವಳು ಕುಡುಗೋಲನ್ನು ಅಟ್ಟದ ಮೇಲೆ ಎತ್ತಿಟ್ಟಳು.

ಹುಲ್ಲು ಬೆಳೆಯಿತು. ಪಾದ ಮುಚ್ಚುವಷ್ಟಾಯಿತು. ಬೀದಿಯಲ್ಲಿ ಹೋಗುವವರು ತಿರುಗಿ ನೋಡತೊಡಗಿದರು. ಆಗ ಕೇತರಸನಿಗೆ ದಿಗಿಲಾಯಿತು. ಯಾಕೆಂದರೆ ಆ ರಾಜ್ಯದ ಕಟ್ಟಳೆ ಹೀಗಿತ್ತು: ಅರಸ ಬೇರೆ ಊರಿಗೆ ಹೋಗಿದ್ದರೆ ಅವನ ತಮ್ಮ ಪಟ್ಟ ಕಾಯಬೇಕು, ಅರಸ ಸತ್ತರೆ ಮಗಳು ಪಟ್ಟ ಏರಬೇಕು. ಅಣ್ಣ ಊರಿಗೆ ಹೋದವನಾಗಿಯೇ ಉಳಿದರೆ ಮಾತ್ರ ಕೇತರಸ ಆಳಬಹುದು.

ಅವನು ಜಗಲಿಗೆ ಬಂದು ನಿಂತ. "ಅತ್ತಿಗೆ, ಹುಲ್ಲು ಬೆಳೆದಿದೆ."

"ಬೆಳೆದಿದೆ."

"ಬದುಕಿರುವ ಗಂಡನಿಗೆ ಸೂತಕ ಹಿಡಿಯುತ್ತೀರಾ? ಬಾಯಿ ಬಿಟ್ಟು ಅಳುವುದು, ಬಳೆ ತೆಗೆಯುವುದು, ಇದೆಲ್ಲ ಈ ಮನೆಯಲ್ಲಿ ನಡೆಯಬಾರದು."

ಪದುಮಲೆ ಹುಲ್ಲಿನ ಕಡೆಗೆ ಮುಖ ತಿರುಗಿಸಿದಳು.

ಕೇತರಸ ಅಂಗಳದಂಚಿನಲ್ಲಿ ಕಲ್ಲಾಟ ಆಡುತ್ತಿದ್ದ ಮಾಚಲೆಯನ್ನು ನೋಡಿದ. "ಮಗುವಿಗೆ ಈಜು ಬರುತ್ತದೆಯೇ?" ಎಂದು ಕೇಳಿದ.

"ಇಲ್ಲ."

"ನೀರಿನ ದಡದಲ್ಲಿ ಹುಟ್ಟಿ ಈಜು ಬರುವುದಿಲ್ಲವೆಂದರೆ ಹೇಗೆ? ಒಂದು ದಿನ ದೋಣಿಯಲ್ಲಿ ಕರೆದುಕೊಂಡು ಹೋಗಿ ಕಲಿಸುತ್ತೇನೆ" ಎಂದ ಕೇತರಸ. ನಗುತ್ತಲೇ ಹೇಳಿದ.

ಪದುಮಲೆ ಅಟ್ಟದಿಂದ ಕುಡುಗೋಲು ತೆಗೆದಳು. ಅವಳು ಅಂಗಳವನ್ನೆಲ್ಲ ಕೊಯ್ದಳು. ಬಳೆ ತೆಗೆಯಲಿಲ್ಲ, ಕುಂಕುಮ ಅಳಿಸಲಿಲ್ಲ. ಕಣ್ಣಿನಿಂದ ಏನೂ ಬೀಳದಂತೆ ನೋಡಿಕೊಂಡಳು. ಹಾಗೆ ನೋಡಿಕೊಳ್ಳುವುದು ಎಷ್ಟು ಕಷ್ಟದ ಕೆಲಸ ಎಂದು ಮಾಡಿದವರಿಗೆ ಗೊತ್ತು.

ಕೇತರಸನಿಗೆ ಅಷ್ಟು ಸಾಲಲಿಲ್ಲ. "ಇನ್ನೂ ಗಿಡ್ಡ ಕೊಯ್ಯಿರಿ. ಈ ಮನೆಯಲ್ಲಿ ದುಃಖವಿಲ್ಲವೆಂದು ಬೀದಿಯಿಂದಲೇ ಕಾಣಬೇಕು" ಎಂದ. ಹುಲ್ಲು ಹಸಿರಾಗಿ ಹೊಳೆಯಲಿ ಎಂದು ಸಂಜೆ ಸಂಜೆ ಕೊಡಗಟ್ಟಲೆ ನೀರು ಹುಯ್ಯಿಸಿದ. ಅತ್ತೆ ಹೇಳಿಕೊಟ್ಟದ್ದಕ್ಕೆಲ್ಲ ತಿರುಗುಮುರುಗು. ಪದುಮಲೆ ಅವನು ಹೇಳಿದಂತೆಯೇ ಮಾಡಿದಳು.

ಒಂದು ಬೆಳಿಗ್ಗೆ ಅವಳು ಬಾಗಿಲು ತೆರೆದಾಗ ಅಂಗಳದಲ್ಲಿ ಹೆಜ್ಜೆಗಳಿದ್ದವು.

ಇಬ್ಬನಿ ಇಡೀ ಹಾಸಿನ ಮೇಲೆ ಬೆಳ್ಳಗೆ ಕುಳಿತಿತ್ತು. ಹೆಜ್ಜೆಯಿದ್ದ ಕಡೆ ಮಾತ್ರ ಕಪ್ಪಾಗಿತ್ತು. ನೀರಿನ ಕಟ್ಟೆಯಿಂದ ಶುರುವಾಗಿ ಮನೆಯ ಕಡೆಗೆ ತುಸು ದೂರ ಬಂದು ಅವು ನಿಂತುಬಿಟ್ಟಿದ್ದವು. ತಿರುಗಿ ಹೋದ ಹೆಜ್ಜೆ ಇರಲಿಲ್ಲ. ಎಡಗಾಲಿನ ಗುರುತು ಚಿಕ್ಕದು. ಬಲಗಾಲಿನದು ಹಿಂದಕ್ಕೆ ಎಳೆದು ಉದ್ದವಾಗಿತ್ತು.

ಪದುಮಲೆ ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಮೆಲ್ಲನೆ ನೆಲದ ಮೇಲಿಟ್ಟಳು.

ಕೇತರಸನೂ ಹಲ್ಲುಜ್ಜುತ್ತಾ ಜಗಲಿಗೆ ಬಂದ. ನೋಡಿದ. ಬಾಯಿಯಲ್ಲಿದ್ದ ಬೇವಿನ ಕಡ್ಡಿ ಬಾಯಿಯಲ್ಲೇ ಉಳಿಯಿತು.

"ಯಾರು ತುಳಿದದ್ದು?" ಎಂದು ಕಾವಲಿನವರನ್ನು ಕರೆದು ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿದರು. "ಒಡೆಯಾ, ನಾಯಿಯಿರಬಹುದು" ಎಂದ ಒಬ್ಬ. "ನಾಯಿಗೆ ಹೆಬ್ಬೆರಳಿದೆಯೇನೋ?" ಎಂದು ಇನ್ನೊಬ್ಬ ಅವನ ಪಕ್ಕೆ ತಿವಿದ.

"ಈ ಗುರುತು ಯಾಕೆ ಅಳಿಸುತ್ತಿಲ್ಲ, ಅತ್ತಿಗೆ?" ಎಂದ ಕೇತರಸ.

ಪದುಮಲೆ ಇದ್ದದ್ದನ್ನೇ ಹೇಳಿದಳು. "ಬುಡಕ್ಕೆ ಕೊಯ್ದ ಹುಲ್ಲಿಗೆ ಏಳುವ ಶಕ್ತಿ ಇರುವುದಿಲ್ಲ, ಕೇತಪ್ಪ. ತುಳಿದರೆ ಬಿದ್ದಲ್ಲೇ ಬಿದ್ದಿರುತ್ತದೆ. ಬೆಳೆಯಲು ಬಿಡು. ಎದ್ದು ನಿಂತು ಹೆಜ್ಜೆಯನ್ನು ತಾನೇ ಅಳಿಸುತ್ತದೆ."

"ಬೆಳೆಯಲು ಬಿಟ್ಟರೆ ಊರು ಏನನ್ನುತ್ತದೆ? ಆಗುವುದಿಲ್ಲ. ಹುಲ್ಲು ಗಿಡ್ಡವಾದಷ್ಟೂ ಗುರುತು ಕಡಿಮೆ. ಇನ್ನೂ ಕೆಳಗೆ ಕೊಯ್ಯಿರಿ."

ಅವಳು ಇನ್ನೂ ಕೆಳಗೆ ಕೊಯ್ದಳು.

ಆಮೇಲೆ ಅಂಗಳಕ್ಕೆ ರೋಗ ಬಂತು. ಬೆಳಿಗ್ಗೆ ಎದ್ದರೆ ಹುಲ್ಲಿನ ಮೇಲೆ ಜೇಡನ ಬಲೆಯಂಥ ಬಿಳಿಯ ಎಳೆಗಳು. ಬಿಸಿಲು ಬಿದ್ದ ಮೇಲೆ ಅಲ್ಲಲ್ಲಿ ಊಟದ ತಟ್ಟೆಯಗಲ ಕಂದು ಕಲೆಗಳು. ಗರಿಕೆ ತೆಳುವಾದ ಕಡೆ ಪಾಚಿ ಹತ್ತಿತು. ಮಳೆ ನಿಂತ ಸಂಜೆಗಳಲ್ಲಿ ಅಂಗಳದಿಂದ ಹಳೆಯ ಬಾವಿಯ ವಾಸನೆ ಏಳುತ್ತಿತ್ತು. ಮಾಚಲೆ ಅಲ್ಲಿ ಆಡುವುದನ್ನು ಬಿಟ್ಟಳು. "ಯಾಕೆ ಮಗು?" ಎಂದರೆ, "ಅಲ್ಲಿ ನಿಂತರೆ ಅಂಗಾಲು ತಣ್ಣಗಾಗುತ್ತದೆ ಅಮ್ಮ" ಎಂದಳು.

ಎರಡನೆಯ ಸಲ ಹೆಜ್ಜೆ ಮೂಡಿದಾಗ ಅಂಗಳದ ಅರ್ಧಕ್ಕೆ ಬಂದಿದ್ದವು. ಈ ಸಲ ಇಬ್ಬನಿಯೂ ಬೇಕಿರಲಿಲ್ಲ. ಹಳದಿಯಾದ ಹುಲ್ಲಿನಲ್ಲಿ ಬೆರಳುಗಳೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಪ್ರತಿ ಹೆಜ್ಜೆಯ ಕುಳಿಯಲ್ಲೂ ಒಂದಿಷ್ಟು ನೀರು ನಿಂತಿತ್ತು. ಪದುಮಲೆ ಮೊಳಕಾಲೂರಿ ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು. ಉಪ್ಪಾಗಿತ್ತು.

ಅವಳಿಗೆ ಹೆದರಿಕೆಯಾಗಲಿಲ್ಲ ಎಂದಲ್ಲ. ಹೆದರಿಕೆಯಾಯಿತು. ಗಂಡನಾದರೂ ನೀರಿನಿಂದ ಎದ್ದು ಬರುವವನ ಮುಖ ಹೇಗಿರುತ್ತದೋ ಯಾರಿಗೆ ಗೊತ್ತು? ಆದರೂ ಅವಳು ಆ ಕೊನೆಯ ಹೆಜ್ಜೆಯ ಪಕ್ಕದಲ್ಲಿ ಅಂಗೈ ಊರಿ ಸ್ವಲ್ಪ ಹೊತ್ತು ಕುಳಿತಳು.

ಕೇತರಸ ಕಾವಲಿನವರನ್ನು ತರುಬಿದ. "ರಾತ್ರಿಯೆಲ್ಲ ಏನು ಮಾಡುತ್ತಿದ್ದಿರಿ?"

"ಕಣ್ಣು ಮಿಟುಕಿಸಲಿಲ್ಲ ಒಡೆಯಾ."

"ಏನು ಕಂಡಿರಿ?"

"ಹುಲ್ಲು ಕಂಡೆವು."

"ಬೇರೆ?"

"ಬೇರೆ ಏನೂ ಕಾಣದ್ದಕ್ಕೇ ಹೆದರಿಕೆ, ಒಡೆಯಾ."

ಪದುಮಲೆ ಎರಡನೆಯ ಸಲ ಹೇಳಿದಳು. "ಬೆಳೆಯಲು ಬಿಡು, ಕೇತಪ್ಪ. ನೀರನ್ನು ಬೆಳಿಗ್ಗೆ ಮಾತ್ರ ಹಾಕಿಸು. ಹುಲ್ಲು ಎದ್ದರೆ ಹೆಜ್ಜೆ ಹೋಗುತ್ತದೆ."

"ಇನ್ನೂ ಕೆಳಗೆ ಕೊಯ್ಯಿರಿ" ಎಂದ ಕೇತರಸ.

ಅವಳು ಇನ್ನೂ ಕೆಳಗೆ ಕೊಯ್ದಳು. ಕುಡುಗೋಲಿಗೆ ಕಲ್ಲು ತಾಗಿ ಕಿಡಿ ಹಾರಿತು. ಅಂಗಳ ನೋಡಲು ಜ್ವರ ಬಿಟ್ಟವರ ತಲೆಯ ಹಾಗಾಯಿತು.

ಕೇತರಸ ಅಂಗಳವನ್ನೆಲ್ಲ ನೋಡುವುದನ್ನು ಬಿಟ್ಟಿದ್ದ. ಅವನ ಕಣ್ಣು ಇದ್ದದ್ದು ಕಟ್ಟೆಯಿಂದ ಬಾಗಿಲಿಗೆ ಬರುವ ಆ ಒಂದು ಗೆರೆಯ ಮೇಲೆ. ಯಾರನ್ನೂ ನಂಬದೆ ಹಗಲೆಲ್ಲ ತಾನೇ ಜಗಲಿಯಲ್ಲಿ ಕುಳಿತು ಕಾಯುತ್ತಿದ್ದ. ಊಟವೂ ಅಲ್ಲೇ ಬರುತ್ತಿತ್ತು.

ಒಂದು ಮಧ್ಯಾಹ್ನ ಅವನ ಎಲೆಯಲ್ಲಿ ಅನ್ನ, ಹುಳಿ. ಪದುಮಲೆ ಮಜ್ಜಿಗೆ ಹಿಡಿದು ನಿಂತಿದ್ದಳು. ನೆತ್ತಿಯ ಮೇಲೆ ಬಿಸಿಲು, ಗಾಳಿ ಒಂದಿಷ್ಟೂ ಇಲ್ಲ. ಮೈಗೆ ಬೆವರು ಅಂಟಿಕೊಂಡಿತ್ತು. ಎಲ್ಲಿಯೋ ಕೂಗುತ್ತಿದ್ದ ಕಾಗೆ ಕೂಗು ನಿಲ್ಲಿಸಿತು.

ಅಂಗಳದ ನಡುವೆ ಹುಲ್ಲು ತಗ್ಗಿತು.

ಒಂದು ಪಾದದಷ್ಟು ಜಾಗ ತಗ್ಗಿತು. ಆಮೇಲೆ ಅದರ ಮುಂದೆ ಇನ್ನೊಂದು ತಗ್ಗಿತು, ಹಿಂದಿನಿಂದ ಮುಂದಕ್ಕೆ ಎಳೆದ ಹಾಗೆ, ಉದ್ದಕ್ಕೆ. ಮತ್ತೆ ಒಂದು. ಮತ್ತೆ ಎಳೆದದ್ದು ಒಂದು. ಅಲ್ಲಿ ಯಾರೂ ಇರಲಿಲ್ಲ. ನೆರಳೂ ಇರಲಿಲ್ಲ. ಅವಸರವಿಲ್ಲದೆ, ಉಂಡು ಅಡ್ಡಾಡುವವರ ಹಾಗೆ, ಹೆಜ್ಜೆಗಳು ಜಗಲಿಯ ಮೊದಲ ಮೆಟ್ಟಿಲಿನ ಬುಡಕ್ಕೆ ಬಂದು ನಿಂತವು. ಒಣಗಿದ್ದ ಮೆಟ್ಟಿಲಿನಿಂದ ನೀರಿಳಿದು ಹುಲ್ಲಿನಲ್ಲಿ ಇಂಗಿತು.

ಕೇತರಸನ ಕೈಯ ತುತ್ತು ಎಲೆಗೆ ಬಿತ್ತು.

"ಅತ್ತಿಗೆ. ನಿಮಗೂ ಕಾಣುತ್ತಿದೆಯೇ?"

"ಕಾಣುತ್ತಿದೆ."

"ಗಾಳಿಯೇ?"

"ಗಾಳಿಗೆ ಬೆರಳಿರುವುದಿಲ್ಲ."

"ಏನು ಮಾಡಬೇಕು? ಬೇಗ ಹೇಳಿ."

ಪದುಮಲೆ ಮೂರನೆಯ ಸಲ ಹೇಳಿದಳು. ಕೇಳಿ ಮಕ್ಕಳೇ, ಮೂರನೆಯ ಸಲವೂ ಅವಳು ನಿಜವನ್ನೇ ಹೇಳಿದಳು. "ಹುಲ್ಲು ಬೆಳೆಯಲು ಬಿಡು, ಕೇತಪ್ಪ. ನನ್ನನ್ನು ಅಳಲು ಬಿಡು. ಈ ಹೆಜ್ಜೆಗಳು ತಾವಾಗಿಯೇ ಹೋಗುತ್ತವೆ."

"ಅದೊಂದು ಬಿಟ್ಟು ಬೇರೆ ಹೇಳಿ."

ಪದುಮಲೆ ಆಗ ಅಂಗಳವನ್ನು ನೋಡಿದಳು. ಅವನ ಹಾಗೆ ಗೆರೆಯನ್ನು ನೋಡಲಿಲ್ಲ. ಬೀದಿಯಲ್ಲಿ ನಿಂತವರಿಗೆ ಹೇಗೆ ಕಾಣುತ್ತದೆಯೋ ಹಾಗೆ ಇಡಿಯಾಗಿ ನೋಡಿದಳು. ಕಲೆಗಳ ನಡುವೆ, ಪಾಚಿಯ ನಡುವೆ, ಅಲ್ಲಿಷ್ಟು ಇಲ್ಲಿಷ್ಟು ಹುಲ್ಲು ಉಳಿದಿತ್ತು. ಅವಳ ದನಿ ಮೊದಲಿನ ಹಾಗೆಯೇ ಇತ್ತು.

"ಹಾಗಾದರೆ ಇನ್ನೊಂದೇ ದಾರಿ. ಹುಲ್ಲಿದ್ದರೆ ತಾನೇ ಏಳುವುದು, ಬೀಳುವುದು?"

ಕೇತರಸ ಅವಳ ಮುಖ ನೋಡಿದ. ಮಾತು ತಲೆಗೆ ಹೋಗಲು ಒಂದು ಗಳಿಗೆ ಹಿಡಿಯಿತು. ಹೋದ ಮೇಲೆ ನೀರಿನಲ್ಲಿ ಮುಳುಗುವವನಿಗೆ ಹಗ್ಗ ಸಿಕ್ಕ ಹಾಗಾಯಿತು.

"ತೆಗೆಯಿರಿ" ಎಂದ. "ಎಲ್ಲ ತೆಗೆಯಿರಿ. ಬೇರೂ ಉಳಿಯಬಾರದು."

"ನಾನು ತೆಗೆದರೆ ನಾಳೆ ನೀನೇ ನನ್ನ ಮೇಲೆ ತಪ್ಪು ಹೊರಿಸುತ್ತೀಯ. ಕಾವಲಿನವರ ಎದುರಿಗೆ ಅಪ್ಪಣೆ ಕೊಡು. ಮೊದಲ ಹಿಡಿ ನೀನೇ ಕಿತ್ತುಕೊಡು. ಉಳಿದದ್ದು ನನ್ನ ಕೆಲಸ."

ಯೋಚನೆ ಮಾಡುವವನಾಗಿದ್ದರೆ ಕೇತರಸ ಅಲ್ಲಿ ನಿಲ್ಲುತ್ತಿದ್ದ. ಆದರೆ ಮೆಟ್ಟಿಲಿನ ಬುಡದಲ್ಲಿ ಆ ಎರಡು ಪಾದಗಳ ಗುರುತು ಅವನ ಕಡೆಗೇ ಮುಖ ಮಾಡಿಕೊಂಡಿತ್ತು. ಅವನು ಕಾವಲಿನವರನ್ನು ಕೂಗಿ ಕರೆದ. ಅವರ ಎದುರಿಗೇ ಬಗ್ಗಿ, ಕಣ್ಣು ಅತ್ತ ತಿರುಗಿಸಿಕೊಂಡು, ಹೆಜ್ಜೆಯ ಮೇಲಿನ ಹುಲ್ಲನ್ನೇ ಹಿಡಿದು ಕಿತ್ತ. ಬೇರು ಆಳಕ್ಕೆ ಹೋಗಿರಲಿಲ್ಲ. ಕೂದಲು ಉದುರಿದ ಹಾಗೆ ಕೈಗೆ ಬಂತು.

ಪದುಮಲೆ ಉಳಿದದ್ದನ್ನು ಕಿತ್ತಳು. ಸಂಜೆಯ ಹೊತ್ತಿಗೆ ಅಂಗಳ ಬರಿಯ ಮಣ್ಣಾಗಿತ್ತು. ಕೇತರಸ ಜಗಲಿಯಲ್ಲಿ ನಿಂತು ನೋಡಿದ. ಗೆರೆಯಿಲ್ಲ, ಗುರುತಿಲ್ಲ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ತಲೆ ತಗ್ಗಿಸಿ ಮನೆಗೆ ಹೋಗಿ ಬುಟ್ಟಿ ಹುಡುಕಿದರು.

ಬೆಳಗಾಯಿತು. ಅರಮನೆಯ ಬಾಗಿಲಿಗೆ ಮೊದಲು ಬಂದವಳು ದುಗ್ಗಮ್ಮಜ್ಜಿ. ಅವಳು ಊರಿಗೇ ಹಿರಿಯಳು. ಯಾರ ಮನೆಯಲ್ಲಿ ಸಾವಾದರೂ ಮೊದಲ ಬುಟ್ಟಿ ಅವಳದೇ. ಅವಳ ಹಿಂದೆ ಮೀನಿನವರು, ಉಪ್ಪಿನವರು, ಕುಂಬಾರರು, ಅಂಗಡಿಯವರು, ಎಲ್ಲರೂ ಬಂದರು. ಎಲ್ಲರ ಕೈಯಲ್ಲೂ ಬೇರು ಬಿಟ್ಟ ಗರಿಕೆಯ ಬುಟ್ಟಿ.

"ಏನಜ್ಜಿ ಇದು?" ಎಂದ ಕೇತರಸ. ಇನ್ನೂ ನಿದ್ದೆಗಣ್ಣು.

"ಹುಲ್ಲು, ಮಗಾ. ವಯಸ್ಸಾದವಳ ಅಂಗಳ, ನಡುನಡುವೆ ಮುಟ್ಟಿದರೆ ಮುನಿಯ ಮುಳ್ಳು ಇದ್ದೀತು, ಬೇಸರ ಮಾಡಬೇಡ. ಎಲ್ಲಿ ನೆಡಲಿ?"

"ಯಾರು ಸತ್ತರೆಂದು ತಂದಿರಿ?"

"ಅದನ್ನು ನೀನು ಹೇಳಬೇಕು. ಅಂಗಳ ಬೋಳಿಸಿದವನು ನೀನು. ಮೊದಲ ಹಿಡಿಯನ್ನೂ ನೀನೇ ಕಿತ್ತೆಯಂತೆ. ಕಾವಲಿನವನ ಹೆಂಡತಿ ನಮ್ಮ ಬೀದಿಯವಳೇ."

ಕೇತರಸ ಆಗ ಅಂಗಳವನ್ನು ನೋಡಿದ. ಇಡಿಯಾಗಿ ನೋಡಿದ. ಅದು ಅಪ್ಪ ಸತ್ತಾಗ ಇದ್ದ ಹಾಗೆಯೇ ಇತ್ತು.

"ಯಾರೂ ಸತ್ತಿಲ್ಲ. ಹುಲ್ಲಿಗೆ ರೋಗ ಬಂದಿತ್ತು, ಕಿತ್ತೆ, ಅಷ್ಟೇ."

"ಯಾರೂ ಸತ್ತಿಲ್ಲವೇ?" ದುಗ್ಗಮ್ಮಜ್ಜಿ ಬುಟ್ಟಿಯನ್ನು ಸೊಂಟದಿಂದ ಇಳಿಸಿದಳು. "ಹಾಗಾದರೆ ಬದುಕಿರುವ ಅರಸನಿಗೆ ಉತ್ತರಕ್ರಿಯೆ ಮಾಡಿದ ಹಾಗಾಯಿತಲ್ಲ ಮಗಾ. ಅದು ಅರಸನಿಗೆ ಕೇಡು ಬಯಸಿದ್ದು. ಅದಕ್ಕೆ ನಮ್ಮಲ್ಲಿ ತಲೆದಂಡ. ನಿಮ್ಮಪ್ಪನೇ ಮಾಡಿದ ಕಟ್ಟಳೆ."

ಕಾವಲಿನವರೂ ಈಟಿ ಕೆಳಗಿಟ್ಟು ಜನರ ಜೊತೆ ನಿಂತಿದ್ದರು.

"ಸತ್ತಿದ್ದಾನೆ" ಎಂದ. "ಅಣ್ಣ ಸತ್ತಿದ್ದಾನೆ. ಅತ್ತಿಗೆಗೆ ನೋವಾಗುತ್ತದೆಂದು ಹೇಳಲಿಲ್ಲ. ದೋಣಿ ಮಗುಚಿತು."

"ಅಯ್ಯೋ ಪಾಪ. ಸುದ್ದಿ ಯಾವಾಗ ಬಂತು?"

"ನಿನ್ನೆ."

"ಯಾರು ತಂದರು?"

ಕೇತರಸ ಕಾವಲಿನವರ ಕಡೆ ನೋಡಿದ. "ನಿನ್ನೆ ಯಾವ ದೋಣಿಯೂ ಬರಲಿಲ್ಲ ಅಜ್ಜಿ. ಆಳೂ ಬರಲಿಲ್ಲ" ಎಂದ ಅವರಲ್ಲೊಬ್ಬ.

"ಮಗುಚಿದ್ದು ಯಾವ ದೋಣಿ ಮಗಾ? ಸಾಧುಗಳದ್ದೇ?"

"ಅಲ್ಲ, ನಮ್ಮ..." ಎಂದ ಕೇತರಸ.

ಯಾರೂ ಅವನ ಮೈ ಮುಟ್ಟಲಿಲ್ಲ. ಮುಟ್ಟುವ ಅಗತ್ಯವಿರಲಿಲ್ಲ. ಅವನು ಜಗಲಿಯ ಕಂಬಕ್ಕೆ ಒರಗಿ, ಕುಸಿದು ಕುಳಿತು, ದೋಣಿಯಲ್ಲಿ ನಡೆದದ್ದನ್ನೆಲ್ಲ ತಾನೇ ಹೇಳಿದ. ಹಿಂದಿನಿಂದ ನೂಕಿದ್ದು. ದೋಣಿಯ ಅಂಚು ಹಿಡಿದ ಕೈಯನ್ನು ಬಿಡಿಸಿದ್ದು.

ಪದುಮಲೆ ಬರಿಯ ಮಣ್ಣಿನ ಮೇಲೆ ಕುಳಿತಳು. ಕುಳಿತು ಅತ್ತಳು. ಅಷ್ಟು ದಿನ ಒಳಗೆ ಹಿಡಿದದ್ದೆಲ್ಲ ಹೊರಗೆ ಬಂತು. ಊರಿನ ಹೆಂಗಸರು ಬುಟ್ಟಿಗಳನ್ನು ಪಕ್ಕಕ್ಕಿಟ್ಟು ಅವಳ ಸುತ್ತ ಕುಳಿತರು. ಸುಮ್ಮನಿರು ಎಂದು ಒಬ್ಬರೂ ಹೇಳಲಿಲ್ಲ. ಮಾಚಲೆ ಬಂದು ಅಮ್ಮನ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕುಳಿತಳು. ಅವಳೂ ಅತ್ತಳು.

ಅಂದು ಮಾಚಲೆಯನ್ನು ಪಟ್ಟದ ಮೇಲೆ ಕೂರಿಸಿದರು. ಕಾಲು ನೆಲಕ್ಕೆ ಎಟುಕದೆ ಜೋಲಾಡುತ್ತಿತ್ತು. "ಚಿಕ್ಕಪ್ಪನಿಗೆ ಏನು ಶಿಕ್ಷೆ ಕೊಡೋಣ ತಾಯಿ?" ಎಂದು ಹಿರಿಯರು ಕೇಳಿದರು.

ಮಾಚಲೆ ಅಮ್ಮನ ಮುಖ ನೋಡಿದಳು, ಆಮೇಲೆ ಹೇಳಿದಳು. "ಅವರು ಈ ಊರಿನಲ್ಲಿ ಇರಬಾರದು. ದೋಣಿ ಕೊಡಿ, ನೀರಿನ ದಾರಿಯಲ್ಲಿ ಹೋಗಲಿ."

ನೀರಿನ ದಾರಿ ಎಂದರೆ ಅಂಗಳ ದಾಟಿ ಕಟ್ಟೆಗೆ ಹೋಗಬೇಕು. ಕೇತರಸ ಮೊದಲ ಮೆಟ್ಟಿಲಿನವರೆಗೆ ಇಳಿದ. ಮಣ್ಣಿನ ಮೇಲೆ ಏನೂ ಇರಲಿಲ್ಲ. ಎಲ್ಲರಿಗೂ ಕಂಡದ್ದು ಬರಿಯ ಮಣ್ಣು. ಅವನು ಮಾತ್ರ ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದ. "ಹಿತ್ತಿಲಿನಿಂದ ಕಳಿಸಿ. ನೆಲದ ದಾರಿಯಲ್ಲಿ ಕಳಿಸಿ. ಎಷ್ಟು ದೂರ ಬೇಕಾದರೂ ನಡೆಯುತ್ತೇನೆ" ಎಂದು ಕೈ ಮುಗಿದ. ಕೊಟ್ಟಿಗೆಯ ಬಾಗಿಲಿನಿಂದ ಅವನನ್ನು ಹೊರಗೆ ಬಿಟ್ಟರು. ಅವನು ನೀರು ಕಾಣದ ಸೀಮೆಯನ್ನು ಹುಡುಕಿಕೊಂಡು ಹೋದ. ಮತ್ತೆ ಬರಲಿಲ್ಲ.

ಊರಿನವರು ಮಣ್ಣು ಕೆದಕಿ ಸಡಿಲ ಮಾಡಿದರು. ನದಿಯ ಮರಳು ಬೆರೆಸಿದರು. ಗೇಣಿಗೊಂದರಂತೆ ಗರಿಕೆ ನೆಟ್ಟರು. ಮೀನಿನವರ ಮನೆಯ ಹುಲ್ಲು, ಕುಂಬಾರರ ಮನೆಯ ಹುಲ್ಲು, ದುಗ್ಗಮ್ಮಜ್ಜಿಯ ಮನೆಯ ಮುಳ್ಳುಸಹಿತವಾದ ಹುಲ್ಲು, ಎಲ್ಲವೂ ಒಂದರ ಪಕ್ಕ ಒಂದು ನಿಂತವು. ಪದುಮಲೆ ಬೆಳಿಗ್ಗೆ ಬೆಳಿಗ್ಗೆ ನೀರು ಹಾಕಿದಳು. ಬಹಳ ದಿನ ಕುಡುಗೋಲು ಮುಟ್ಟಲಿಲ್ಲ.

ಇದರಿಂದ ತಿಳಿಯಬೇಕಾದದ್ದು ಇಷ್ಟು, ಮಕ್ಕಳೇ. ಕೆಟ್ಟದ್ದು ಮಾಡಿದವನು ಅದನ್ನು ಮುಚ್ಚಲು ಇನ್ನೊಬ್ಬರ ಅಳುವನ್ನು ತಡೆಯುತ್ತಾನೆ. ಅಳುವನ್ನು ತಡೆದರೆ ದುಃಖ ಹೋಗುವುದಿಲ್ಲ, ಬೇರೆ ದಾರಿಯಿಂದ ಮನೆಗೆ ಬರುತ್ತದೆ. ಮುಚ್ಚಿದ ಕೈಯೇ ಕೊನೆಗೆ ಅದನ್ನು ಎಲ್ಲರಿಗೂ ತೋರಿಸುತ್ತದೆ. ಆದ್ದರಿಂದ ಅಳುವವರನ್ನು ಅಳಲು ಬಿಡಬೇಕು.

ಹೊಸ ಹುಲ್ಲು ಹಬ್ಬಿ ಅಂಗಳ ಮುಚ್ಚುವವರೆಗೆ ಪದುಮಲೆ ರಾತ್ರಿ ಮುಂಬಾಗಿಲಿಗೆ ಅಗುಳಿ ಹಾಕಲಿಲ್ಲ.